ಹಂದರಗಂಬದ ಕುಣಿಕೆ

ಕೊನೆಯ ಮೂಲೆಯ ಕುಣಿಕೆಗೆ ಎರಡನೇ ಸಲ ಹೊಲಿಗೆ ಹಾಕುವಾಗ ದಾರ ತುಂಡಾಯಿತು. ಶಿವಗಂಗಾ ಸೂಜಿಗೆ ಮತ್ತೆ ದಾರ ಪೋಣಿಸಿ, ದಪ್ಪ ಕ್ಯಾನ್ವಾಸನ್ನು ಎಡಗೈಯಿಂದ ಒತ್ತಿ ಹಿಡಿದು, ಯಂತ್ರದ ಚಕ್ರವನ್ನು ಬಲಗೈಯಿಂದಲೇ ನಿಧಾನವಾಗಿ ತಿರುಗಿಸಿದಳು. ಮೂಲೆಗೆ ಬಂದಾಗ ಮೋಟಾರಿನ ವೇಗಕ್ಕೆ ಬಿಟ್ಟರೆ ಸೂಜಿ ಮುರಿಯುತ್ತದೆ. ಹೊರಗೆ ಸಾತಪುರದ ಕಾರ್ಖಾನೆಗಳ ಮೊದಲ ಪಾಳಿಯವರ ಬೈಕುಗಳು ಸಾಲುಗಟ್ಟಿ ಹೋಗುತ್ತಿದ್ದವು.

"ವೈನಿ, ಆಯ್ತೇನ್ರಿ? ಬಿಸಲ ಏರೂದ್ರಾಗ ಯೇವಲಾ ದಾಟಬೇಕು," ಎಂದು ಮೈದುನ ಯಲ್ಲಾಲಿಂಗ ಬಾಗಿಲಿಗೆ ಬಂದ.

"ನಿನ್ನ ಬ್ಯಾಟರಿ ಟೆಂಪೋಕ್ಕ ಏರಸಿದಿ?"

"ಏರಸೀನಿ. ಬ್ಯಾಟರಿ ಅಲ್ಲದು, ಒಳ್ಳು. ನಡ ಮುರೀತು."

"ನಡ ಉಳಿಸ್ಕೋ. ಲಗ್ನದಾಗ ಕುಣಿಯಾವ ನೀನೆ."

ಮದುವೆ ಅವಳ ಮಗಳು ಮಂಗಲಾಳದು. ಇನ್ನೆರಡು ವಾರವಿತ್ತು.

ಗಂಡ ಗುರುಲಿಂಗಪ್ಪ ಇದ್ದಾಗ ಈ ಶೆಡ್ಡಿನಲ್ಲಿ ಬರೀ ಮದುವೆ ಮಂಟಪದ ಬಟ್ಟೆ ಹೊಲಿಯುತ್ತಿದ್ದರು. ಆಳಂದ ಕಡೆಯಿಂದ ಬಂದವರ ಮನೆಗಳಲ್ಲಿ ಹಂದರ ಎದ್ದರೆ ಅದರ ಬಟ್ಟೆ ಇಲ್ಲಿಂದಲೇ ಹೋಗುತ್ತಿತ್ತು. ಅವನು ತೀರಿಕೊಂಡ ಮೇಲೆ ಆ ಕೆಲಸ ಕಡಿಮೆಯಾಯಿತು. ಗಾಡಿಗಳ ವೈರಿಂಗ್ ಮಾಡುವ ಯಲ್ಲಾಲಿಂಗ ಈ ಹೊಸ ಕೆಲಸ ಹಿಡಿದು ತಂದ. ಒಳಗೇ ಮಲಗಿ, ಒಳಗೇ ಅಡುಗೆ ಮಾಡಿಕೊಂಡು ಊರೂರು ತಿರುಗುವ ಕ್ಯಾಂಪರ್ ವ್ಯಾನುಗಳಿಗೆ ಪಕ್ಕದಲ್ಲಿ ಬಿಚ್ಚಿ ಹರಡುವ ನೆರಳಿನ ಬಟ್ಟೆ. ವೈನಿ ಹೊಲಿಯುವುದು, ಅವನು ಹೋಗಿ ಕೂರಿಸಿ ಬರುವುದು. ಈ ಸಲದ ವ್ಯಾನು ಸಂಭಾಜಿನಗರದಲ್ಲಿತ್ತು. ಅಳತೆ ಹೆಚ್ಚುಕಡಿಮೆಯಾದರೆ ಅಲ್ಲೇ ತಿದ್ದಲು ಬೇಕೆಂದು ಅವಳನ್ನೂ ಹೊರಡಿಸಿದ್ದ.

ಯೇವಲಾದಲ್ಲಿ ಚಹಾಕ್ಕೆ ನಿಂತಾಗ ಸೀರೆ ಅಂಗಡಿಗಳ ಬಾಗಿಲುಗಳು ಆಗಷ್ಟೇ ತೆರೆಯುತ್ತಿದ್ದವು. ಮಂಗಲಾಳ ಪೈಠಣಿ ಇಲ್ಲಿಂದಲೇ ತಂದದ್ದು. ಸೀರೆ ಮಡಿಲಲ್ಲಿಟ್ಟುಕೊಂಡು ಮಗಳು ಅಂದಿದ್ದಳು, "ಆಯೀ, ಹಂದರಗಂಬಕ್ಕ ತೂಚ್ ಹಳದ್ ಲಾವ್. ನೀನs ಅರಿಷಿಣ ಹಚ್ಚು, ಬ್ಯಾರೆ ಯಾರೂ ಬ್ಯಾಡ."

"ಹಂಗ ಅನಬಾರದವ್ವ," ಎಂದು ಶಿವಗಂಗಾ ಮಾತು ಮುಗಿಸಿದ್ದಳು.

ಅವರಲ್ಲಿ ಮದುವೆ ಶುರುವಾಗುವುದೇ ಆ ಕಂಬದಿಂದ. ಹಂದರದ ಈಶಾನ್ಯ ಮೂಲೆಯ ಮೊದಲ ಕಂಬಕ್ಕೆ ಮುತ್ತೈದೆಯರು ಅರಿಷಿಣ ಕುಂಕುಮ ಹಚ್ಚಿ, ಮಾವಿನ ಟೊಂಗೆ ಕಟ್ಟಿ ನಿಲ್ಲಿಸುತ್ತಾರೆ. ಗಂಡ ಹೋದಂದಿನಿಂದ ಶಿವಗಂಗಾ ಎಷ್ಟೋ ಹಂದರಗಳಿಗೆ ಬಟ್ಟೆ ಹೊಲಿದು ಕೊಟ್ಟಿದ್ದಳು. ಒಂದೂ ಕಂಬ ಏಳುವಾಗ ಎದುರಿಗೆ ನಿಂತಿರಲಿಲ್ಲ. ಯಾರೂ ಹೋಗು ಎಂದಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಅವಳಿಗೊಂದು ಕೆಲಸ ಇರುತ್ತಿತ್ತು.

ವ್ಯಾನಿನ ಒಡತಿ ಜಯಮಾಲಾ ಮೂಲತಃ ಬೀದರದವರು. ನೌಕರಿಯಿಂದ ನಿವೃತ್ತರಾಗಿದ್ದರು. ಊರ ಹೊರಗಿನ ಅವರ ಅಂಗಳದಿಂದ ದೌಲತಾಬಾದ್ ಕೋಟೆಯ ಗುಡ್ಡ ಕಾಣುತ್ತಿತ್ತು. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅವರು ಮಾತು ನಿಲ್ಲಿಸಲಿಲ್ಲ.

"ನಮ್ಮ ಮನಿಯವರು ಗಾಡ್ಯಾಗ ಮಲಗಲ್ಲ ಅಂತಾರ್ರಿ. ಬ್ಯಾಡ, ನೀವು ಮನ್ಯಾಗ ಇರ್ರಿ, ನಾ ಹೊಂಟೆ ಅಂದೀನಿ."

"ಒಬ್ಬರೇ ಹೋಗ್ತೀರಿ?"

"ಹೋಗಿ ನೋಡೂದು. ಅಂಜಿಕಿ ಬಂದ್ರ ತಿರುಗಿ ಬರೂದು. ದಾರಿ ಎಲ್ಲಿ ಓಡಿ ಹೋಗ್ತದ?"

ಯಲ್ಲಾಲಿಂಗ ವ್ಯಾನಿನ ಅಂಚಿಗೆ ಮೊದಲೇ ಕೂರಿಸಿದ್ದ ಪಟ್ಟಿಯೊಳಗೆ ಬಟ್ಟೆಯ ಒಂದು ಬದಿಯನ್ನು ಜಾರಿಸಿದ. ಹೊರಬದಿಯ ಎರಡು ಮೂಲೆಗಳಿಗೆ ಅಲ್ಯುಮಿನಿಯಂ ಕಾಲುಗಳು. ಒಂದು ಸರಿಯಾಗಿ ಕೂತಿತು. ಇನ್ನೊಂದು ಕುಣಿಕೆಯೊಳಗೆ ಗಡಗಡ ಅಲ್ಲಾಡಿ ಜಾರಿತು. ಬಟ್ಟೆ ಜೋತುಬಿತ್ತು.

ಯಲ್ಲಾಲಿಂಗ ಕುಣಿಕೆಯೊಳಗೆ ಬೆರಳು ತೂರಿಸಿ ನೋಡಿ ನಕ್ಕ. "ವೈನಿ, ಇದ್ರಾಗ ಬಿದಿರ ಹೋಗ್ತದ, ಮಾವಿನ ಟೊಂಗಿನೂ ಹೋಗ್ತದ."

ಶಿವಗಂಗಾಳ ಮುಖ ಬಿಸಿಯಾಯಿತು. ಕೈ ತನ್ನ ಅಭ್ಯಾಸ ಬಿಟ್ಟಿರಲಿಲ್ಲ. ಹಂದರದ ಬಟ್ಟೆಗೆ ಹೊಲಿಯುವಂತೆ, ಒಂದು ಮೂಲೆಯ ಕುಣಿಕೆಯನ್ನು ಹಂದರಗಂಬಕ್ಕೆಂದೇ ಅಗಲವಾಗಿ ಬಿಟ್ಟಿತ್ತು.

"ಬಿಚ್ಚಿ ಸಣ್ಣದು ಮಾಡ್ತೀನಿ."

"ಆಮ್ಯಾಲ ಮಾಡ್ರಿ. ನಾ ಬ್ಯಾಟರಿ ಜೋಡಸೂತನ ಹಿಡಕೊಂಡ ನಿಂದರ್ರಿ. ಗಾಳಿ ಅದ, ಬಿಟ್ರ ಹರೀತದ," ಎಂದು ಅವನು ವ್ಯಾನಿನೊಳಗೆ ಸೀಟಿನ ಕೆಳಗೆ ತಲೆ ಹಾಕಿದ.

ಹಾಗೆ ಕಂಬ ಅವಳ ಕೈಗೆ ಬಂತು.

ಗಾಳಿ ಬೀಸಿದಾಗ ಬಟ್ಟೆ ಒಳಗಿನಿಂದ ಉಬ್ಬಿ, ಅವಳನ್ನು ಒಂದು ಹೆಜ್ಜೆ ಎಳೆದು, ಮತ್ತೆ ಇಳಿಯಿತು. ಮೇಜಿನ ಮೇಲೆ ಹೆಣದಂತೆ ಬಿದ್ದಿರುತ್ತಿದ್ದ ಬಟ್ಟೆಗೆ ಇಷ್ಟು ಜೀವ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ತಲೆಯೆತ್ತಿದಳು. ಹೊಲಿಗೆಯ ಒಂದೊಂದು ತೂತಿನಿಂದಲೂ ಬಿಸಿಲಿನ ಚುಕ್ಕಿ ಇಣುಕುತ್ತಿತ್ತು. ತನ್ನ ಹೊಲಿಗೆಯ ಸಾಲನ್ನು ಅವಳು ಕೆಳಗಿನಿಂದ ಈವರೆಗೆ ನೋಡಿರಲಿಲ್ಲ.

ಜಯಮಾಲಾ ತಟ್ಟೆ ತಂದರು. ಅರಿಷಿಣ, ಕುಂಕುಮ, ಒಂದು ತೆಂಗಿನಕಾಯಿ. "ಹೊಲಿದವರು ನೀವು. ನೀವs ಹಚ್ಚರಿ ಕಂಬಕ್ಕ."

"ನಾ ಹಚ್ಚಬಾರದ್ರಿ."

"ಯಾಕ್ರಿ, ಕೈ ನೋಯ್ತದೇನು?"

"ನಮ್ಮ ಮನಿಯವರು ತೀರಕೊಂಡಾರ್ರಿ."

ಜಯಮಾಲಾ ಕಂಬವನ್ನು ನೋಡಿದರು, ಅದನ್ನು ಹಿಡಿದಿದ್ದ ಕೈಗಳನ್ನು ನೋಡಿದರು.

"ಆಗಳಿಂದ ನಿಮ್ಮ ಕೈಯಾಗs ಅದ ಅಲ್ರಿ ಇದು," ಎಂದರು. "ಬಿದ್ದಿಲ್ಲಲಾ."

ಮತ್ತೇನೂ ಹೇಳದೆ ತಾವೇ ಅರಿಷಿಣ ಕಲಸಿ ಹಚ್ಚಿದರು. ಕಂಬ ತೆಳ್ಳಗಿತ್ತು, ಅರಿಷಿಣ ಶಿವಗಂಗಾಳ ಬೆರಳುಗಳಿಗೂ ತಾಗಿತು. ಅವಳು ಕೈ ಹಿಂದೆಗೆಯಲಿಲ್ಲ. ಹಿಂದೆಗೆದರೆ ಬಟ್ಟೆ ಹರಿಯುತ್ತಿತ್ತು.

ಬ್ಯಾಟರಿಯ ಕೆಲಸ ಮುಗಿಯುವಷ್ಟರಲ್ಲಿ ಸಂಜೆಯಾಯಿತು. ಶಿವಗಂಗಾ ಕಂಬ ಇಳಿಸಿ, ಕೆಳಗೆ ಕೂತು, ದಬ್ಬಣದಿಂದ ಕುಣಿಕೆಯನ್ನು ಬಿಗಿ ಮಾಡಿ ಹೊಲಿದು, ಕಂಬವನ್ನು ಮತ್ತೆ ನಿಲ್ಲಿಸಿದಳು. ಯಲ್ಲಾಲಿಂಗ ಜಯಮಾಲಾರಿಗೆ ತಿಳಿಸಿ ಹೇಳುತ್ತಿದ್ದ:

"ಗಾಡಿ ಚಾಲೂ ಇದ್ದಾಗ ಎರಡೂ ಬ್ಯಾಟರಿ ತುಂಬಕೋತಾವ್ರಿ. ಇಂಜಿನ್ ಬಂದ್ ಆತಂದ್ರ ಈ ಡಬ್ಬಿ ಎರಡನ್ನೂ ಬ್ಯಾರೆ ಮಾಡತದ. ಹಳೇದು ಗಾಡಿ ಎಬ್ಬಸಲಾಕಷ್ಟೇ. ಲೈಟು, ಫ್ಯಾನು, ಎಲ್ಲಾ ಹೊಸಾದ್ರ ಮ್ಯಾಲ."

ಅವನು ಇಂಜಿನ್ ಹಚ್ಚಿದ. ವ್ಯಾನು ಗುರುಗುಟ್ಟಿತು. ಬಟ್ಟೆಯ ಒಳಅಂಚಿಗೆ ಅಂಟಿಸಿದ್ದ ದೀಪದ ಪಟ್ಟಿ ಹೊತ್ತಿಕೊಂಡಿತು. ಆಮೇಲೆ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದ.

ಸದ್ದು ಹೋಯಿತು. ಈಗ ದೀಪವೂ ಹೋಗುತ್ತದೆ ಎಂದು ಶಿವಗಂಗಾ ಕಾದಳು. ಹೋಗಲಿಲ್ಲ. ಅವನು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗಿತ್ತು, ಆದರೂ ಕಾದಳು. ದೂರದ ಕೋಟೆಯ ಗುಡ್ಡ ಕಪ್ಪಾಯಿತು, ಅಂಗಳ ಕಪ್ಪಾಯಿತು, ನಿಂತ ಗಾಡಿಯ ಪಕ್ಕದಲ್ಲಿ ಅವಳು ಹೊಲಿದ ಬಟ್ಟೆಯ ಕೆಳಗೆ ಒಂದು ಕೋಣೆಯಷ್ಟು ಬೆಳಕು ಅಲುಗಾಡದೆ ನಿಂತಿತ್ತು. ಗೋಡೆಯಿಲ್ಲದ ಕೋಣೆ. ಅದರ ಅಂಚಿಗೆ ಬಂದು ನಿಂತ ಅವಳಿಗೆ, ದೇವರ ಕೋಣೆಯ ಹೊಸ್ತಿಲಲ್ಲಿ ಆಗುವಂತೆ, ಒಳಗೆ ಕಾಲಿಡಲು ಮೈ ಅಳುಕಿತು. ಮೆಲ್ಲಗೆ ಇಟ್ಟಳು.

"ಹೆಂಗದ ವೈನಿ?" ಎಂದ ಯಲ್ಲಾಲಿಂಗ.

ಅವಳು ತಲೆಯಾಡಿಸಿದಳು.

ತಿರುಗಿ ಬರುವಾಗ ಟೆಂಪೋದಲ್ಲಿ ಫೋನ್ ಬಂತು. ಗಂಡನ ಅಕ್ಕ ಲಕ್ಷ್ಮವ್ವ.

"ಶಿವಗಂಗಾ, ಹಂದರಗಂಬಕ್ಕ ಐದ ಮಂದಿ ಮುತ್ತೈದ್ಯಾರನ್ನ ಗೊತ್ತ ಮಾಡೀನಿ. ಅದರ ಚಿಂತಿ ಬಿಡು. ನೀ ಆವತ್ತು ಒಳಗ ಹುಗ್ಗಿ ಕಡಿ ನೋಡಕೊಂಡ್ರ ಸಾಕು."

"ಹುಗ್ಗಿ ಮುಂಜಾನೇನೇ ಮಾಡಿ ಇಳಸ್ತೀನಿ ಅಕ್ಕಾ," ಎಂದಳು.

"ಶಾಣ್ಯಾಕಿ ನೀ," ಎಂದು ಲಕ್ಷ್ಮವ್ವ ಫೋನಿಟ್ಟಳು.

"ಏನಂತ ಅಕ್ಕಂದು?" ಎಂದ ಯಲ್ಲಾಲಿಂಗ, ರಸ್ತೆಯಿಂದ ಕಣ್ಣು ತೆಗೆಯದೆ.

"ಏನಿಲ್ಲ. ಅಡಗಿ ಮಾತು."

ಎದುರಿನ ಲಾರಿಯ ಬೆಳಕು ಅವಳ ಮಡಿಲ ಮೇಲೆ ಹಾದುಹೋಯಿತು. ಬೆರಳುಗಳ ಸಂದಿಯಲ್ಲಿ ಅರಿಷಿಣ ಒಣಗಿ ಹಾಗೇ ಉಳಿದಿತ್ತು. ಮಂಗಲಾಳ ಹಂದರದ ಬಟ್ಟೆಯನ್ನು ನಾಳೆಯೇ ಹೊಲಿಯಲು ಕೂರಬೇಕು. ಈಶಾನ್ಯದ ಕುಣಿಕೆಯನ್ನು ಅಗಲವಾಗಿಯೇ ಬಿಡಬೇಕು. ಅದರಲ್ಲಿ ಕಂಬ ಏರುವಾಗ ಹುಗ್ಗಿ ಇಳಿದಿರುತ್ತದೆ, ಒಲೆ ಆರಿರುತ್ತದೆ, ಅವಳ ಎರಡೂ ಕೈ ಖಾಲಿ ಇರುತ್ತವೆ. ಆ ಐವರ ಜೊತೆ ಆರನೆಯವಳಾಗಿ ಕಂಬಕ್ಕೆ ಅರಿಷಿಣ ಹಚ್ಚುವವಳು ತಾನೇ.

ಸೆರಗನ್ನು ಕೈಗಳ ಮೇಲೆ ಎಳೆದುಕೊಂಡು ಶಿವಗಂಗಾ ಕಿಟಕಿಯ ಕಡೆ ತಿರುಗಿದಳು.