ಬಾಯಿಲ್ಲದ ಕ್ಯಾರೆಟ್

ದಾರ ಮತ್ತೆ ಕಡ್ಡಿಯ ಕೊಕ್ಕೆಯಿಂದ ಜಾರಿತು. ಬೆಳಗಿನಿಂದ ಹೆಣೆದದ್ದೆಲ್ಲ ಕಣ್ಣೆದುರೇ ಸರಸರನೆ ಬಿಚ್ಚಿಕೊಂಡು, ಲಿಫ್ಟ್ ಮೆಕ್ಯಾನಿಕ್‌ನ ತೊಡೆಯ ಮೇಲೆ ಕಿತ್ತಳೆ ಬಣ್ಣದ ಗುಪ್ಪೆಯಾಗಿ ಬಿತ್ತು.

"ಎಳೀಬೇಡ ಕಣಪ್ಪ, ಎಳೀಬೇಡ," ಎಂದಳು ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಅಜ್ಜಿ. ಕಾಲು ಮುರಿದುಕೊಂಡು ಮಲಗಿದ್ದ ಮೊಮ್ಮಗಳನ್ನು ನೋಡಿಕೊಳ್ಳಲು ಬಂದವಳು ಅವಳು. "ಇದೇನು ನಿನ್ನ ಲಿಫ್ಟಿನ ಉಕ್ಕಿನ ಹಗ್ಗಾನಾ? ಹಕ್ಕಿಮರೀನ ಹಿಡಿದ ಹಾಗೆ ಹಿಡೀಬೇಕು. ಬಿಗಿಯಾಗಿ ಹಿಡಿದ್ರೆ ಉಸಿರು ಕಟ್ಟುತ್ತೆ, ಸಡಿಲ ಬಿಟ್ರೆ ಹಾರಿಹೋಗುತ್ತೆ."

ಅಜ್ಜಿ ಯೋಚಿಸದೆ ಆಡಿದ ಮಾತು. ಆದರೆ ಎದುರಿಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅವನ ಮಗಳನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಅವನು ತಲೆ ತಗ್ಗಿಸಿ ದಾರದ ತುದಿ ಹುಡುಕತೊಡಗಿದ.

ಉಸಿರು ಕಟ್ಟಿದ್ದು ಅವನ ಕೈಯಿಂದಲೇ. ಅಂದು ರಜೆ. ಅಡುಗೆಮನೆಯಲ್ಲಿ ಕ್ಯಾರೆಟ್ ಹೆಚ್ಚುತ್ತಾ ಒಂದು ತುಂಡನ್ನು ಮಗಳ ಬಾಯಿಗಿಟ್ಟು, ಮೊಲದ ಹಾಗೆ ಮೂತಿ ಅಲ್ಲಾಡಿಸಿ ನಗಿಸಿದ್ದ. ನಗು ಅರ್ಧಕ್ಕೇ ನಿಂತಿತು. ತುಟಿ ನೀಲಿಯಾಯಿತು. ತಲೆಕೆಳಗಾಗಿ ಹಿಡಿದು, ಬೆನ್ನಿಗೆ ಗುದ್ದಿ ಗುದ್ದಿ, ಕೊನೆಗೆ ಆ ತುಂಡು ನೆಲಕ್ಕೆ ಬಿದ್ದಾಗ ಮಗು ಚೀರಿತು. ಆ ಚೀರಾಟ ಕೇಳಿ ಅವನು ಅಲ್ಲೇ ಕುಸಿದು ಕುಳಿತ. ಗಂಡಾಂತರ ಕಳೆಯಿತು ಅಂದುಕೊಂಡರು. ಆದರೆ ಅಂದು ಮುಚ್ಚಿದ ಬಾಯನ್ನು ಗುಬ್ಬಿ ತುತ್ತಿಗೆ ಮತ್ತೆ ತೆರೆಯಲೇ ಇಲ್ಲ. ಹಾಲು ಬೇಡ, ಹಣ್ಣು ಬೇಡ, ಬಾಳೆಹಣ್ಣನ್ನು ಕಿವುಚಿ ಕೊಟ್ಟರೂ ಬೇಡ. ಚಮಚ ಕಂಡರೆ ಸಾಕು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಈಗ ಮೂಗಿನಲ್ಲಿ ಒಂದು ನಳಿಗೆ. ಕಣ್ಣು ತಪ್ಪಿಸಿದರೆ ಅದನ್ನೂ ಕಿತ್ತು ಬಿಸಾಡುತ್ತಾಳೆ.

"ಹೀಗೇ ಆದ್ರೆ ಹೊಟ್ಟೆಗೇ ಒಂದು ಸಣ್ಣ ತೂತು ಮಾಡಿ ನಳಿಗೆ ಇಡಬೇಕಾಗುತ್ತೆ," ಎಂದಿದ್ದರು ಡಾಕ್ಟರಮ್ಮ. "ಹೆದರಬೇಡಿ, ತಿನ್ನೋಕೆ ಶುರು ಮಾಡಿದ ಮೇಲೆ ತೆಗೀಬಹುದು."

ಹೆದರಬೇಡಿ ಎಂದ ಮೇಲೆ ಹೆದರದವರು ಯಾರು? ಹೆಂಡತಿ ಆ ರಜೆಯ ದಿನದಿಂದ ಅವನ ಜೊತೆ ಅಳತೆ ಮಾಡಿದಂತೆ ಮಾತಾಡುತ್ತಿದ್ದಳು. ನೀರು ತನ್ನಿ. ಬಟ್ಟೆ ಒಣಗಿದ್ಯಾ ನೋಡಿ. ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಕ್ಯಾರೆಟ್ ಹೆಣೆಯುವ ಉಪಾಯ ಅಜ್ಜಿಯದು. ಸದಾ ಕ್ರೋಷಾ ಕಡ್ಡಿ ಹಿಡಿದೇ ಇರುತ್ತಿದ್ದ ಅವಳ ಚೀಲದಲ್ಲಿ ಉಲ್ಲನ್ ಉಂಡೆಗಳಿಗೆ ಬರವಿರಲಿಲ್ಲ. "ಮಗು ಹೆದರಿರೋದು ಗಟ್ಟಿ ತರಕಾರಿಗೆ. ಅದನ್ನೇ ಮೆತ್ತಗೆ ಮಾಡಿ ಕೈಗೆ ಕೊಡೋಣ. ಕೂಸಿಗೆ ಧೈರ್ಯ ಬಂದೀತು," ಎಂದಳು.

"ನೀವೇ ಮಾಡಿಕೊಡಿ ಅಜ್ಜಿ. ನನ್ನ ಕೈಗೆ ಸ್ಪ್ಯಾನರ್ ಬಿಟ್ರೆ ಬೇರೆ ಗೊತ್ತಿಲ್ಲ."

"ನಂಗೇನು, ಚಿಟಿಕೆ ಹೊಡೆಯೋದ್ರಲ್ಲಿ ಮಾಡ್ತೀನಿ. ಆದ್ರೆ ನಿನ್ನ ಆ ಕೈನ ನೀನು ದುರುಗುಟ್ಟಿ ನೋಡ್ತಾ ಕೂರ್ತೀಯಲ್ಲ, ಅದು ನಂಗೆ ಸರಿ ಕಾಣ್ತಿಲ್ಲ. ಅದಕ್ಕೊಂದು ಕೆಲಸ ಕೊಡು."

ಹಾಗಾಗಿ ಕಲಿತ. ಮೊದಲು ತುದಿಗೊಂದು ಪುಟ್ಟ ಕುಣಿಕೆ. ಕುಣಿಕೆಯೊಳಗೆ ಕೊಕ್ಕೆ ತೂರಿಸು, ದಾರ ಎಳೆದುಕೋ, ಕೊಕ್ಕೆಯ ಮೇಲಿನ ಎರಡು ಕುಣಿಕೆಯನ್ನೂ ಒಂದು ಮಾಡು. ಸುತ್ತು ಸುತ್ತಿಗೂ ಒಂದಿಷ್ಟು ಕುಣಿಕೆ ಹೆಚ್ಚಿಸುತ್ತಾ ಹೋದರೆ ಕ್ಯಾರೆಟ್ ತಾನಾಗಿ ಅಗಲವಾಗುತ್ತದೆ ಎಂದು ಅಜ್ಜಿ ಹೇಳಿದಳು. ಅವನದು ಒಮ್ಮೆ ಟೋಪಿಯಾಯಿತು, ಒಮ್ಮೆ ಕಾಲುಚೀಲದ ಹೆಬ್ಬೆರಳಾಯಿತು. ನರ್ಸ್ ಒಬ್ಬಳು ಬಂದು, "ಇದೇನಣ್ಣ, ಮೆಣಸಿನಕಾಯಾ?" ಎಂದು ಕೇಳಿ ಹೋದಳು. ಕೊನೆಗೆ ಸೊಟ್ಟಗಾದರೂ ಕ್ಯಾರೆಟ್ಟೇ ಅನ್ನಿಸುವ ಒಂದು ವಸ್ತು ಕೈಯಲ್ಲಿ ನಿಂತಿತು. ಒಳಗೆ ಹತ್ತಿ ತುಂಬಿ, ನೆತ್ತಿಗೆ ಹಸಿರು ದಾರದ ಎಲೆ ಹೊಲಿದ. ಒಂದು ಪಕ್ಕದಲ್ಲಿ ಕುಣಿಕೆ ತಪ್ಪಿ ಬೆರಳು ತೂರುವಷ್ಟು ತೂತು ಉಳಿದಿತ್ತು. "ಬಿಚ್ಚಿ ಸರಿ ಮಾಡು," ಎಂದಳು ಅಜ್ಜಿ. ಬಿಚ್ಚುವ ಸಹನೆ ಅವನಿಗಿರಲಿಲ್ಲ. ಮರುದಿನ ಡಾಕ್ಟರಮ್ಮ ತೀರ್ಮಾನ ಹೇಳುವವರಿದ್ದರು.

ಹಾಸಿಗೆಯ ಬಳಿ ಮಂಡಿಯೂರಿದ. "ಗುಬ್ಬೀ, ನೋಡು, ಅಪ್ಪ ಏನು ಮಾಡಿದೀನಿ."

ಮಗಳು ತಿರುಗಿದಳು. ಕಿತ್ತಳೆ ಬಣ್ಣ ಕಂಡಳು. ಅಷ್ಟೇ. ಇಡೀ ವಾರ್ಡ್ ಬೆಚ್ಚಿಬೀಳುವಂತೆ ಕಿರುಚಿ, ಕೈಕಾಲು ಬಡಿದು, ಮೂಗಿನ ನಳಿಗೆಯನ್ನು ಕಿತ್ತೆಸೆದಳು. ಮೂಗಿನಿಂದ ರಕ್ತ ತೊಟ್ಟಿಕ್ಕಿತು. ನರ್ಸ್‌ಗಳು ಓಡಿಬಂದರು.

"ಒಂದ್ಸಲ ಕೊಟ್ಟಿದ್ದು ಸಾಲದಾ ನಿಮಗೆ?" ಹೆಂಡತಿಯ ದನಿ ಗದ್ದಲವನ್ನೆಲ್ಲ ಸೀಳಿ ಬಂತು. "ಮತ್ತೆ ಅದನ್ನೇ ತಂದು ಮಗು ಮುಖಕ್ಕೆ ಹಿಡೀತೀರಲ್ರೀ! ಹೋಗ್ರೀ ಆಚೆ. ಹೋಗಿ!"

ಅವನು ಹೋದ. ಮೆಟ್ಟಿಲಿನ ತಿರುವಿನಲ್ಲಿ ಗೋಡೆಗೆ ಹಣೆ ಒತ್ತಿ ನಿಂತ. ಅಷ್ಟು ದಿನ ಬೇಡಿದ್ದ ಬೈಗುಳ ಕೊನೆಗೂ ಸಿಕ್ಕಿತ್ತು. ಎದೆ ಮಾತ್ರ ಎಳ್ಳಷ್ಟೂ ಹಗುರಾಗಲಿಲ್ಲ. ಕಟ್ಟಡದ ಲಿಫ್ಟ್ ಗೋಡೆಯಾಚೆ ಮೇಲೇರಿತು, ಇಳಿಯಿತು. ಅದರ ಬೇರಿಂಗ್ ಸವೆದಿರುವುದು ಅವನಿಗೆ ಸದ್ದಿನಲ್ಲೇ ಗೊತ್ತಾಯಿತು. ಊರಿನವರ ಲಿಫ್ಟನ್ನೆಲ್ಲ ರಿಪೇರಿ ಮಾಡುವವನು ಅಲ್ಲೇ ಕುಳಿತು ಬಾಯಿಗೆ ಅಂಗಿಯ ತೋಳು ತುರುಕಿಕೊಂಡು ಅತ್ತ.

ಡಾಕ್ಟರಮ್ಮ ಇನ್ನು ಕಾಯುವುದು ಬೇಡ ಎಂದರು. ಆಪರೇಷನ್ ಆಯಿತು. ಬಿಳಿ ಹೊದಿಕೆಯಡಿ ಗುಬ್ಬಿ ಹಾಸಿಗೆಯ ಕಾಲುಭಾಗವನ್ನೂ ತುಂಬಿರಲಿಲ್ಲ. ಅವಳ ಹೊಟ್ಟೆಯಿಂದ ಹೊರಬಂದ ನಳಿಗೆಗೆ ಸಿರಿಂಜು ಸಿಕ್ಕಿಸಿ ಹಾಲು ಬಿಡುವುದನ್ನು ನರ್ಸ್ ಇಬ್ಬರಿಗೂ ಕಲಿಸಿಕೊಟ್ಟಳು. ಹೆಂಡತಿ ಕಲಿತಳು. ಅವನು ಹಿಡಿದಾಗ ಸಿರಿಂಜು ಜಾರಿ ಹಾಲು ಹಾಸಿಗೆಗೆ ಚೆಲ್ಲಿತು.

ಮನೆಗೆ ಬಂದ ಮೇಲೂ ಅವನು ಮಗಳ ಹತ್ತಿರ ಸುಳಿಯುತ್ತಿರಲಿಲ್ಲ. ಕೆಲಸದಿಂದ ಬಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ನೆಂಟನ ಹಾಗೆ ಕೂರುತ್ತಿದ್ದ.

ಒಂದು ಸಂಜೆ ಹೆಂಡತಿ ಆಸ್ಪತ್ರೆಯ ಚೀಲ ಒಗೆಯಲೆಂದು ಕೊಡವಿದಾಗ ಕ್ಯಾರೆಟ್ ನೆಲಕ್ಕೆ ಬಿತ್ತು. ಅಜ್ಜಿ ಯಾವಾಗ ತುರುಕಿದ್ದಳೋ. ಇಬ್ಬರೂ ಒಟ್ಟಿಗೇ ಬಗ್ಗಿದರು, ಆದರೆ ಅದು ಉರುಳಿ ಗುಬ್ಬಿಯ ಕಾಲ ಬಳಿ ನಿಂತಿತ್ತು. ಅವನು ಕಣ್ಣು ಮುಚ್ಚಿಕೊಂಡು ಕಿರುಚಾಟಕ್ಕೆ ಕಾದ.

ಕಿರುಚಾಟ ಬರಲಿಲ್ಲ. ಕಣ್ಣು ತೆರೆದಾಗ ಮಗಳು ಕುಕ್ಕರಗಾಲಲ್ಲಿ ಕೂತು, ಆ ತಪ್ಪಿದ ಕುಣಿಕೆಯ ತೂತಿನೊಳಗೆ ಬೆರಳು ತೂರಿಸಿ ನೋಡುತ್ತಿದ್ದಳು.

"ಅಪ್ಪಾ, ಇದಕ್ಕೂ ಹೊಟ್ಟೇಲಿ ತೂತಾ?"

"ಹೂಂ ಕಣಮ್ಮಾ."

"ಇದೂ ಊಟ ಮಾಡಲ್ವಾ?"

"ಇದಕ್ಕೆ... ಬಾಯೇ ಇಲ್ಲವಲ್ಲ."

ಗುಬ್ಬಿ ಕ್ಯಾರೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಪಾಪ," ಎಂದಳು. ಆಮೇಲೆ ತಾಯಿಯ ಕಡೆ ತಿರುಗಿ, "ಅಮ್ಮಾ, ಬಾಯಿ ಮಾಡಿಕೊಡು."

ಹೆಂಡತಿ ಸೂಜಿ ತಂದಳು. ಕಪ್ಪು ದಾರ ಪೋಣಿಸಲು ಹೋದರೆ ಅದು ಸೂಜಿಯ ಕಣ್ಣಿನ ಪಕ್ಕಕ್ಕೇ ಹೋಗುತ್ತಿತ್ತು; ಅವನೇ ದಾರ ಎಂಜಲು ಮಾಡಿ ಪೋಣಿಸಿಕೊಟ್ಟ. ಬಾಯಿ ಮೂಡಿತು, ಒಂದು ಕಡೆಗೆ ಓರೆಯಾಗಿ. ಎಷ್ಟೋ ದಿನದ ಮೇಲೆ ಹೆಂಡತಿ ಅವನ ಮುಖ ನೋಡಿ, "ಸೊಟ್ಟ ಮೂತಿ. ನಿಮ್ಮದೇ ಅಚ್ಚು," ಎಂದಳು.

ಮರುದಿನದಿಂದ ಕ್ಯಾರೆಟ್ಟಿಗೆ ಊಟ ಶುರುವಾಯಿತು. ಗುಬ್ಬಿ ಅದನ್ನು ಮಡಿಲಲ್ಲಿ ಮಲಗಿಸಿಕೊಂಡು ಖಾಲಿ ಚಮಚ ಹಿಡಿಯುತ್ತಿದ್ದಳು, ಗದರುತ್ತಿದ್ದಳು, ಬೆನ್ನು ತಟ್ಟಿ "ಕೆಮ್ಮು, ಕೆಮ್ಮು, ಏನಾಗಲ್ಲ" ಎನ್ನುತ್ತಿದ್ದಳು. ಅಂದು ಅಡುಗೆಮನೆಯಲ್ಲಿ ತಾನೇ ಆಡಿದ್ದ ಆ ಮಾತು ಕೇಳಿದಾಗಲೆಲ್ಲ ಅವನು ಎದ್ದು ಹೊರಗೆ ಹೋಗಿಬರುತ್ತಿದ್ದ. ನುಂಗುವುದನ್ನು ಕಲಿಸಲು ಆಸ್ಪತ್ರೆಯಿಂದ ವಾರಕ್ಕೊಮ್ಮೆ ಬರುತ್ತಿದ್ದ ಥೆರಪಿಸ್ಟ್ ಹುಡುಗಿ, "ತಿನ್ನು ಅಂತ ಒಂದು ಮಾತೂ ಆಡಬೇಡಿ. ಅವಳ ಬಾಯಿ ಕಡೆ ನೋಡಲೂಬೇಡಿ," ಎಂದು ಗಂಡಹೆಂಡತಿಗೆ ತಾಕೀತು ಮಾಡಿದಳು. ಚಮಚದ ಪಕ್ಕ ತರಕಾರಿ ಬೇಯಿಸಿ ಸೋಸಿದ ತಿಳಿನೀರಿನ ಬಟ್ಟಲು ಬಂತು. ಕ್ಯಾರೆಟ್ಟಿನ ಮೂತಿ ದಿನವೂ ಒದ್ದೆಯಾಯಿತು, ದಿನವೂ ಒಣಗಿತು. ಗುಬ್ಬಿಯ ಬಾಯಿ ಮುಚ್ಚಿಯೇ ಇತ್ತು. ಹಾಲು ನಳಿಗೆಯಲ್ಲೇ ಇಳಿಯುತ್ತಿತ್ತು. ಇದು ಜೀವಮಾನವಿಡೀ ಹೀಗೆಯೇ ಏನೋ ಎಂದು ಅವನು ಒಳಗೊಳಗೇ ಅಂದುಕೊಳ್ಳತೊಡಗಿದ್ದ.

ಆ ಮಧ್ಯಾಹ್ನ ಅವನು, ಹೆಂಡತಿ ಇಬ್ಬರೂ ಕಿಟಕಿಯ ಬಳಿ ನಿಂತಿದ್ದರು. ಬೆನ್ನ ಹಿಂದೆ ಗುಬ್ಬಿ ಕ್ಯಾರೆಟ್ಟನ್ನು ಗದರುತ್ತಿದ್ದಳು. "ಬಿಸಿ ಇಲ್ಲ ಕಣೋ. ಸುಳ್ಳು ಹೇಳಬೇಡ. ಇರು, ನಾನೇ ನೋಡ್ತೀನಿ."

ಆಮೇಲೆ ಮಾತು ನಿಂತಿತು. ಚಮಚ ಬಟ್ಟಲಿನ ಅಂಚಿಗೆ ತಾಗಿದ ಸದ್ದು.

ಅವನ ಕತ್ತು ತಾನಾಗಿ ತಿರುಗಹೊರಟಿತು. ನೋಡಬೇಡಿ ಎಂಬಂತೆ ಹೆಂಡತಿ ಅವನ ಮುಂಗೈಯನ್ನು ಉಗುರು ನಾಟುವಂತೆ ಹಿಡಿದುಕೊಂಡಳು. ಎದುರಿನ ಮನೆಯ ಮಹಡಿಯಲ್ಲಿ ಯಾರೋ ಹೆಂಗಸು ಒಗೆದ ಹೊದಿಕೆಯನ್ನು ತಂತಿಯ ಮೇಲೆ ಹರವುತ್ತಿದ್ದಳು; ಅದು ಗಾಳಿಗೆ ಉಬ್ಬುತ್ತಿತ್ತು, ಬೀಳುತ್ತಿತ್ತು. ಜಗತ್ತಿನಲ್ಲಿ ನೋಡಲು ಅದೊಂದೇ ಉಳಿದಿದೆ ಎಂಬಂತೆ ಇಬ್ಬರೂ ಅದನ್ನೇ ನೋಡುತ್ತಾ, ಕಿವಿಯನ್ನು ಮಾತ್ರ ಹಿಂದೆ ಬಿಟ್ಟು ನಿಂತಿದ್ದರು.