ಬಾಣಲೆಯ ಕೆಳಗಿನ ಹುಲ್ಲು

ಮಳೆ ಹಿಂದೆಗೆದಿತ್ತು. ಹುಲ್ಲಿನ ತುದಿ ಹಳದಿಗೆ ತಿರುಗಿ, ತೆನೆಯೊಳಗಿನ ಬೀಜ ಇನ್ನೇನು ಉದುರಬೇಕು ಅನ್ನುವ ಹದ. ಈ ಹದ ತಪ್ಪಿದರೆ ಹುಲ್ಲು ಬರೀ ಕಡ್ಡಿಯಾಗುತ್ತದೆ. ದನ ಮೂಸಿ ನೋಡಿ ಮುಖ ತಿರುಗಿಸುತ್ತದೆ. ಅದಕ್ಕೇ ಹುಲ್ಲಕ್ಕ ಇಬ್ಬನಿ ಆರುವುದನ್ನೂ ಕಾಯದೆ ಟಿವಿ ಕೇಂದ್ರದ ಬೇಲಿಯೊಳಗೆ ಕುಕ್ಕರುಗಾಲಲ್ಲಿ ಕೂತು ಕುಡುಗೋಲು ಆಡಿಸುತ್ತಿದ್ದಳು. ಎಡಗೈ ಹಿಡಿ ತುಂಬುವುದು, ಬಲಗೈ ಎಳೆಯುವುದು, ಹಿಡಿಯನ್ನು ಪಕ್ಕಕ್ಕೆ ಮಲಗಿಸುವುದು. ಮಲಗಿಸಿದ ಹುಲ್ಲಿನ ತಲೆಯೆಲ್ಲ ಒಂದೇ ಕಡೆಗೆ.

ತಲೆಯ ಮೇಲೆ, ಕಂಬದ ತುದಿಯಲ್ಲಿ ಆಕಾಶಕ್ಕೆ ಬಾಯಿ ತೆರೆದ ದೊಡ್ಡ ಬಾಣಲೆ. ಸರ್ಕಾರಿ ಟಿವಿಯ ಚಿತ್ರಗಳು ಇಲ್ಲಿಂದ ಉಪಗ್ರಹಕ್ಕೆ ಹೋಗಿ, ಅಲ್ಲಿಂದ ದೇಶಕ್ಕೆಲ್ಲ ಸುರಿಯುತ್ತವೆ ಎಂದು ಕೇಂದ್ರದವರು ಹೇಳುತ್ತಾರೆ. ಅವರ ಕಾಗದಗಳಲ್ಲಿ ಅದಕ್ಕೆ ಬೇರೆ ಹೆಸರಿದೆ. ಊರಿನವರಿಗೆ ಅದು ಬಾಣಲೆ. ಬಾಣಲೆ ನಿಂತ ಬಯಲು ಹಿಂದೆ ಹುಲ್ಲಕ್ಕನ ಮನೆಯದು. ಗಂಡ ತೀರಿಕೊಂಡ ವರ್ಷ ಕೋಟು ಹಾಕಿದವರು ಬಂದು ಅಂಗಳದಲ್ಲಿ ಕೂತು, ಅವಳು ಕರೆದ ಹಾಲನ್ನೇ ಕುಡಿದು, ಬಾಯಿ ಒರೆಸಿಕೊಂಡು ಬಯಲನ್ನು ಕೇಳಿದ್ದರು. ಮನೆಯಲ್ಲಿ ಒಬ್ಬರಿಗೆ ಕೆಲಸ, ಬೇಲಿಯೊಳಗಿನ ಹುಲ್ಲು ಎಂದೆಂದಿಗೂ ನಿಮ್ಮದೇ, ಊರಿಗೆಲ್ಲ ಟಿವಿ ಎಂದೆಂದಿಗೂ ಪುಕ್ಕಟೆ ಅಂದಿದ್ದರು. ಕೆಲಸವನ್ನು ಅವಳು ಮೈದುನನಿಗೆ ಬಿಟ್ಟುಕೊಟ್ಟಳು. ತನಗೆ ದನಗಳಿದ್ದವು, ತೊಡೆಯ ಮೇಲೆ ಮಗಳಿದ್ದಳು.

ಮೈದುನ ಕೇಂದ್ರದಲ್ಲಿ ಬಾಗಿಲು ಕಾಯುತ್ತಿದ್ದ. ಕೊರಳಿಗೆ ಫೋಟೊ ಅಂಟಿಸಿದ ಗುರುತಿನ ಬಿಲ್ಲೆ ಬಿದ್ದ ದಿನದಿಂದ ಅವನ ಕತ್ತು ಬಗ್ಗಿದ್ದನ್ನು ಕಂಡವರಿಲ್ಲ. ಸಾಹೇಬರ ಮುಂದೆ ಮಾತ್ರ ಮೂಳೆಯೇ ಇಲ್ಲದಂತೆ ಬಗ್ಗುತ್ತಿತ್ತು. ಸ್ನಾನಕ್ಕೆ ಹೋಗುವಾಗಲೂ ಬಿಲ್ಲೆ ತೆಗೆಯುವುದಿಲ್ಲ ಎಂದು ಅವನ ಹೆಂಡತಿಯೇ ಹೇಳಿ ನಕ್ಕಿದ್ದಳು. ಊರು ಅವನನ್ನು ಬಿಲ್ಲೆರಾಯ ಅನ್ನುತ್ತಿತ್ತು.

ಬಿಲ್ಲೆರಾಯ ಈಗ ಬೂಟಿಗೆ ಇಬ್ಬನಿ ತಾಗದಂತೆ ಕಾಲೆತ್ತಿಡುತ್ತ, ಕೊಕ್ಕರೆಯ ಹಾಗೆ ಬಂದ.

"ಅತ್ತಿಗೆ, ಆ ಮಧ್ಯದ್ದು ಬಿಟ್ಟಿದೀರಲ್ಲ?"

"ಅದು ಬೀಜಕ್ಕೆ. ಉದುರಿದ ಮೇಲೆ ಕೊಯ್ಯೋದು. ನೀನೂ ಇದೇ ಮನೇಲಿ ಹುಟ್ಟಿದೋನು ತಾನೆ, ಮರೆತ್ಯಾ?"

"ಮರೆತಿಲ್ಲ. ಆದ್ರೆ ಇವತ್ತು ರಾಜಧಾನಿಯಿಂದ ದೊಡ್ಡ ಸಾಹೇಬ್ರು ಬರ್ತಾರೆ. ಮಧ್ಯದಲ್ಲಿ ಆ ಪಟ್ಟೆ ಇದ್ರೆ ಬೋಳುತಲೇಲಿ ಜುಟ್ಟು ಬಿಟ್ಟ ಹಾಗೆ ಕಾಣುತ್ತೆ ಅಂದ್ರು ನಮ್ಮ ಆಫೀಸರು."

"ನಿಮ್ಮ ಆಫೀಸರ ತಲೇಲಿ ಜುಟ್ಟಿಗಾದ್ರೂ ಗತಿ ಇದ್ಯಾ?"

ಬಿಲ್ಲೆರಾಯ ಹಿಂದೆ ತಿರುಗಿ ಯಾರೂ ಕೇಳಿಸಿಕೊಳ್ಳಲಿಲ್ಲವಷ್ಟೆ ಎಂದು ನೋಡಿದ. ಹುಲ್ಲಕ್ಕ ಕುಡುಗೋಲು ನೆಲಕ್ಕಿಟ್ಟಳು.

"ಅದಿರ್ಲಿ. ಇವತ್ತು ನಿನ್ನ ಅಣ್ಣನ ಮಗಳು ನಡೀತಾಳೆ. ಗೊತ್ತಲ್ಲ?"

ಗೊತ್ತಿಲ್ಲದವರು ಯಾರು? ದೇಶದೇಶಗಳ ಆಟದ ಕೂಟದಲ್ಲಿ ನಡಿಗೆಯ ಪಂದ್ಯ. ಮೊದಮೊದಲು ಊರು ನಕ್ಕಿತ್ತು: ನಡೆಯೋದೂ ಒಂದು ಆಟವೇ, ಹಾಗಾದರೆ ನಮ್ಮ ಎಮ್ಮೆಗೂ ಪದಕ ಕೊಡಿ ಅಂದಿತ್ತು. ಮಗಳು ಅದನ್ನು ಕಲಿತದ್ದು ಹಾಲಿನ ಕ್ಯಾನಿನಿಂದ. ಬೆಳಿಗ್ಗೆ ವ್ಯಾನು ಹೊರಡುವುದರೊಳಗೆ ಡೈರಿ ಮುಟ್ಟಬೇಕು. ಓಡಿದರೆ ಹಾಲು ತುಳುಕುತ್ತದೆ. ತುಳುಕಿದರೆ ಮನೆಯಲ್ಲಿ ಬೈಗುಳ. ಹಾಗಾಗಿ ಒಂದು ಕಾಲು ನೆಲ ಬಿಡುವ ಮೊದಲೇ ಇನ್ನೊಂದು ಕಾಲು ನೆಲ ಹಿಡಿಯುವ ನಡಿಗೆ ಅವಳಿಗೆ ಹತ್ತಿತು. ಪಂದ್ಯದ ಕಟ್ಟಳೆಯೂ ಅದೇ ಎಂದು ಯಾರೋ ಮೇಷ್ಟ್ರು ಕಂಡುಹಿಡಿದು ಅವಳನ್ನು ಕರೆದೊಯ್ದರು. ಆಮೇಲೆ ಅವಳು ನಡೆದದ್ದನ್ನು ತಾಯಿ ನೋಡಿರಲಿಲ್ಲ. ಇವತ್ತು ನೋಡಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಆದರೆ ಆಟದ ಕೂಟ ಶುರುವಾದ ದಿನವೇ ಊರಿನ ಟಿವಿಗಳಲ್ಲಿ ಬೀಗದ ಚಿತ್ರ ಬಂದು ಕೂತಿತ್ತು. ಕೆಳಗೆ ಅಕ್ಷರ: ಈ ವಾಹಿನಿಗೆ ಬೀಗ ಹಾಕಲಾಗಿದೆ, ಬೀಗ ತೆಗೆಸುವ ಕ್ರಮ ತಿಳಿಯಲು ಇದೇ ವಾಹಿನಿಯನ್ನು ವೀಕ್ಷಿಸಿ. ಡೈರಿಯ ಲೆಕ್ಕಿಗ ಅದನ್ನು ಗಟ್ಟಿಯಾಗಿ ಓದಿ, ಇದನ್ನು ಬರೆದವನಿಗೆ ಹಾಲು ಕೊಡೋದಕ್ಕಿಂತ ಹಿಂಡಿ ಕೊಡೋದು ಲೇಸು ಅಂದಿದ್ದ. ಫೋನಿನಲ್ಲಿ ನೋಡಲು ಹೋದರೆ ಅಲ್ಲಿ ಒಂದು ಚಕ್ರ ಸುತ್ತುತ್ತ ಇರುತ್ತಿತ್ತು, ಗಾಣದ ಎತ್ತಿನ ಹಾಗೆ.

"ಯಾಕೋ ಹಾಕಿದ್ರಿ ಆ ಬೀಗಾನ?" ಹುಲ್ಲಕ್ಕ ಕೇಳಿದಳು.

"ಎನ್‌ಕ್ರಿಪ್ಷನ್, ಅತ್ತಿಗೆ. ಆಟ ತೋರಿಸೋ ಹಕ್ಕು ಮಾರಿದ ಕಂಪನಿಯೋರು ಗಡಿಯಾಚೆ ಕಾಣಬಾರದು ಅಂದ್ರು. ಉಪಗ್ರಹಕ್ಕೆ ಗಡಿ ಎಲ್ಲಿ ಗೊತ್ತಾಗುತ್ತೆ? ಆಚೆಗೂ ಸುರಿಯುತ್ತೆ. ಅದಕ್ಕೆ."

"ಪಕ್ಕದ ಮನೆ ಬೆಕ್ಕು ಬರುತ್ತೆ ಅಂತ ನಮ್ಮನೆ ಮಕ್ಕಳಿಗೆ ಹಾಲು ತಪ್ಪಿಸಿದ್ರಿ."

"ತಪ್ಪಿಸಿಲ್ಲ, ಎಲ್ಲ ಉಚಿತವೇ. ಒಂದು ಕಾರ್ಡು ಹಾಕಿದ್ರೆ ಬೀಗ ತೆಗೆಯುತ್ತೆ. ಕಾರ್ಡು ಪೂರ್ತಿ ಪುಕ್ಕಟೆ."

"ಕಾರ್ಡು ಎಲ್ಲಿಗೆ ಹಾಕೋದು?"

"ಹೊಸ ಡಬ್ಬಕ್ಕೆ."

"ಡಬ್ಬ ಪುಕ್ಕಟೆಯಾ?"

"ಡಬ್ಬಕ್ಕೆ ದುಡ್ಡು. ಆದ್ರೆ ಅದು ಇನ್ನೂ ಬಂದಿಲ್ಲ. ಆಟ ಮುಗಿದ ಮೇಲೆ ಬರುತ್ತೆ."

ಹುಲ್ಲಕ್ಕ ಅವನ ಬಿಲ್ಲೆಯನ್ನು ನೋಡಿದಳು. ಅದರಲ್ಲಿ ಅವನ ಮುಖವಿತ್ತು. ಎದುರಿಗಿದ್ದ ಮುಖಕ್ಕಿಂತ ಅದಕ್ಕೇ ಒಂದಿಷ್ಟು ಲಜ್ಜೆ ಇದ್ದಂತೆ ಕಂಡಿತು.

"ನಿಮ್ಮ ಕೇಂದ್ರದೊಳಗೆ ಕಾಣುತ್ತಲ್ಲ?"

"ಒಳಗೆ ಬೀಗಕ್ಕೆ ಮುಂಚಿನ ಚಿತ್ರ. ಗೋಡೆ ತುಂಬ ಕಾಣುತ್ತೆ." ಬಿಲ್ಲೆರಾಯ ದನಿ ತಗ್ಗಿಸಿದ. "ನಾನು ಆಫೀಸರಿಗೆ ಹೇಳ್ತೀನಿ. ನೀವು ಆ ಪಟ್ಟೆ ತೆಗೆದುಬಿಡಿ. ಮಗಳು ಬರೋ ಹೊತ್ತಿಗೆ ಬಾಗಿಲು ನಾನೇ ತೆಗೀತೀನಿ. ಅಣ್ಣನ ಆಣೆ."

ಸತ್ತವನ ಮೇಲೆ ಆಣೆ ಇಡುವುದು ಸುಲಭ, ಅವನೇನು ಎದ್ದು ಬಂದು ಕೇಳುತ್ತಾನೆಯೇ? ಹುಲ್ಲಕ್ಕ ಅಷ್ಟನ್ನು ಮನಸ್ಸಿನಲ್ಲೇ ಅಂದುಕೊಂಡಳು. ಆದರೂ ಪಟ್ಟೆಯ ಕಡೆ ತಿರುಗಿದಳು. ಅತ್ತೆಯ ಕಾಲದಿಂದಲೂ ಬೀಜ ಉದುರುವ ಮೊದಲು ಅದಕ್ಕೆ ಕುಡುಗೋಲು ತಾಗಿರಲಿಲ್ಲ. ಅಲ್ಲಿಂದ ಗಾಳಿಗೆ ಹಾರಿದ ಬೀಜವೇ ಬರುವ ವರ್ಷದ ಬಯಲು. ಮೊದಲ ಹಿಡಿ ಹಿಡಿದಾಗ ಅವಳ ಕೈ ಒಂದು ಕ್ಷಣ ನಿಂತಿತು, ಆಮೇಲೆ ಎಳೆಯಿತು. ಕೊಯ್ದದ್ದನ್ನು ಉಳಿದ ಹುಲ್ಲಿಗೆ ಬೆರೆಸದೆ, ಸೆರಗು ಹಾಸಿದ ಹಾಗೆ ಬೇರೆಯೇ ಸಾಲಾಗಿ ಮಲಗಿಸಿದಳು.

ಬಿಸಿಲೇರುವ ಹೊತ್ತಿಗೆ ಕಾರುಗಳು ಬಂದವು. ಬಾಗಿಲ ಮೇಲೆ 'ಎಲ್ಲರಿಗೂ ಉಚಿತ ವೀಕ್ಷಣೆ' ಎಂಬ ಬಟ್ಟೆ ಕಟ್ಟಿದ್ದರು. ದೊಡ್ಡ ಸಾಹೇಬ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡ. ಬೋಳುತಲೆಯ ಆಫೀಸರು ಬಯಲನ್ನು ತೋರಿಸಿ ಏನೋ ಅಂದರು. ದೊಡ್ಡ ಸಾಹೇಬ ಅತ್ತ ನೋಡಲೂ ಇಲ್ಲ. ಎಲ್ಲರೂ ಒಳಗೆ ಹೋದರು.

ಬಿಲ್ಲೆರಾಯ ಅತ್ತಿಗೆಯನ್ನು ಗಾಜಿನ ಬಾಗಿಲವರೆಗೆ ಕರೆತಂದ.

"ಇಲ್ಲೇ ನಿಂತ್ಕೊಳ್ಳಿ. ಒಳಗೆ ಜಾಗ ಇಲ್ಲ. ಕಾಲಲ್ಲಿ ಮಣ್ಣು ಬೇರೆ."

"ಮಣ್ಣಲ್ಲ, ಅದು ನಮ್ಮ ಹೊಲ."

ಗಾಜಿನಾಚೆ ಗೋಡೆ ತುಂಬ ಚಿತ್ರ. ಬಿಸಿಲು ಬಿದ್ದ ಯಾವುದೋ ಬೀದಿ, ಸೊಂಟ ತಿರುವುತ್ತ ಬರುವ ಹೆಣ್ಣುಮಕ್ಕಳ ಗುಂಪು. ಹುಲ್ಲಕ್ಕ ಹಣೆಯನ್ನು ಗಾಜಿಗೆ ಒತ್ತಿದಳು. ಗುಂಪು ತಿರುವಿನಲ್ಲಿ ಬಿಡಿಯಾಯಿತು. ಮುಂದಿನ ಕೆಲವರ ನಡುವೆ, ಬಲಭುಜವನ್ನು ಚೂರು ಕೆಳಗೆ ಮಾಡಿ, ಕೈಯಲ್ಲಿ ಕ್ಯಾನು ಇದೆಯೋ ಅನ್ನುವ ಹಾಗೆ ಒಬ್ಬಳು ಬರುತ್ತಿದ್ದಳು. ಮುಖ ಕಾಣುವ ಮೊದಲೇ ತಾಯಿಗೆ ಭುಜ ಗೊತ್ತಾಯಿತು.

ಆಗ ಆಫೀಸರು ಚಿತ್ರಕ್ಕೆ ಬೆನ್ನು ಮಾಡಿ ನಿಂತು, ಗಂಟಲು ಸರಿಮಾಡಿಕೊಂಡರು.

"ಈಗ ತಾವು ನೋಡ್ತಿರೋದು ಬೀಗ ಇಲ್ಲದ್ದು, ಸರ್. ಹೊರಗಿನ ಮನೇಲಿ ಹೇಗೆ ಕಾಣುತ್ತೆ ಅಂತ ತೋರಿಸ್ತೀನಿ." ಒಂದು ಗುಂಡಿ ಒತ್ತಿದರು.

ಗೋಡೆ ತುಂಬ ಬೀಗದ ಚಿತ್ರ ಬಂತು.

"ನೋಡಿ ಸರ್, ಒಂದು ಎಳೆಯೂ ಸೋರಲ್ಲ."

ದೊಡ್ಡ ಸಾಹೇಬ ತಲೆದೂಗಿದ. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಬೀಗದ ಮುಂದೆ ನಿಂತು ಅವರೆಲ್ಲ ಬಿಸ್ಕತ್ತು ತಿಂದರು, ಕಾಫಿ ಕುಡಿದರು, ಬೀಗದ ಜೊತೆಗೇ ಫೋಟೊ ತೆಗೆಸಿಕೊಂಡರು. ಮದುವೆಮನೆಯಲ್ಲಿ ಗಂಡಿನ ಮುಖಕ್ಕೆ ಪರದೆ ಹಾಕಿ ಪರದೆಯನ್ನೇ ಹೊಗಳಿದ ಹಾಗಿತ್ತು. ಹುಲ್ಲಕ್ಕ ಬೆರಳ ಗೆಣ್ಣಿನಿಂದ ಗಾಜು ತಟ್ಟಿದಳು. ಬಿಲ್ಲೆರಾಯ ಒಳಗಿನಿಂದಲೇ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿ ಎಂದು ಸನ್ನೆ ಮಾಡಿದ. ಇನ್ನೊಂದು ಕೈಯಲ್ಲಿ ಕಾಫಿಯ ತಟ್ಟೆ ಹಿಡಿದಿದ್ದ. ಅವಳು ಮತ್ತೆ ತಟ್ಟಲಿಲ್ಲ. ತಟ್ಟುವುದಕ್ಕೂ ಒಳಗೆ ಮನುಷ್ಯರಿರಬೇಕು.

ಚಿತ್ರ ತಿರುಗಿ ಬಂದಾಗ ಬೀದಿ ಖಾಲಿಯಾಗಿತ್ತು. ಯಾರೋ ಪೊರಕೆ ಹಿಡಿದು ಗುಡಿಸುತ್ತಿದ್ದರು.

ಹುಲ್ಲಕ್ಕ ಮನೆಗೆ ಬಂದು ದನಗಳಿಗೆ ನೀರಿಡುತ್ತಿದ್ದಾಗ ಮಗಳ ಫೋನು ಬಂತು.

"ಅಮ್ಮಾ, ನೋಡಿದ್ಯಾ?"

"ಭುಜ ನೋಡ್ದೆ. ಆಮೇಲೆ ಬೀಗ ನೋಡ್ದೆ."

"ಏನು?"

"ಏನಿಲ್ಲ ಬಿಡೇ. ನಮ್ಮೋರ ದೊಡ್ಡಸ್ತಿಕೆ. ನಿಂದು ಹೇಳು."

"ನಾಲ್ಕನೆಯವಳಾಗಿ ಬಂದೆ." ಮಗಳ ದನಿ ಸ್ವಲ್ಪ ಕುಗ್ಗಿತು. "ಒಂಚೂರು ಓಡಿಬಿಟ್ಟಿದ್ರೆ ಮೂರನೆಯವಳು ಸಿಗ್ತಿದ್ಲು."

"ಓಡಿದ್ಯಾ?"

"ಇಲ್ಲಮ್ಮ."

"ತುಳುಕಿಲ್ಲ ತಾನೆ?"

ಆಚೆ ಮಗಳು ನಕ್ಕಳು. "ಒಂದು ಹನೀನೂ ಇಲ್ಲ."

"ಹಾಗಾದ್ರೆ ಸರಿ. ಊಟ ಮಾಡು, ಹೋಗು."

ಮಾರನೆಯ ಬೆಳಿಗ್ಗೆ ಬಿಲ್ಲೆರಾಯ ಏದುಸಿರು ಬಿಡುತ್ತ ಅಂಗಳಕ್ಕೆ ಬಂದ. ಹುಲ್ಲಕ್ಕ ಕೊಟ್ಟಿಗೆಯ ಮುಂದೆ ಬೀಜದ ಪಟ್ಟೆಯ ಕಟ್ಟನ್ನು ಬಿಚ್ಚಿ, ಗೋಣಿಯ ಮೇಲೆ ಬಡಿದು ಬೀಜ ಉದುರಿಸುತ್ತಿದ್ದಳು. ನಿನ್ನೆ ಹೊತ್ತು ತಂದದ್ದು ಅದೊಂದನ್ನೇ.

"ಅತ್ತಿಗೆ, ಹುಲ್ಲೆಲ್ಲ ಅಲ್ಲೇ ಬಿದ್ದಿದೆ! ಒಣಗಿದ್ರೆ ಬೆಂಕಿ ಭಯ ಅಂತ ಆಫೀಸರು ನನ್ನ ಮೇಲೆ ಹಾರಾಡ್ತಿದಾರೆ. ಬಂದು ಹೊತ್ಕೊಂಡು ಹೋಗಿ."

"ಒಯ್ಯಲ್ಲ."

"ಯಾಕೆ? ನಿಮ್ಮದೇ ಹುಲ್ಲು."

"ಕೊಯ್ದೋರು ಹುಲ್ಲು ಒಯ್ದರೆ ಕೂಲಿ ಮುಟ್ಟಿತು ಅಂತ ಅರ್ಥ. ನನಗೆ ಮುಟ್ಟಿಲ್ಲ. ಅಲ್ಲೇ ಬಿದ್ದಿರ್ಲಿ, ನಿಮ್ಮ ಕಣ್ಣಿಗೆ ಕಾಣೋ ಹಾಗೆ."

"ದನಕ್ಕೇನು ಹಾಕ್ತೀರಿ?"

"ಹಳ್ಳದ ದಂಡೇಲಿ ಕೊಯ್ತೀನಿ. ಅಲ್ಲಿ ಬೀಗ ಹಾಕಿಲ್ಲ, ಇನ್ನೂ."

ಅವನು ಅಣ್ಣನ ಹೆಸರು ಎತ್ತಲು ಬಾಯಿ ತೆರೆದು, ಅವಳ ಮುಖ ನೋಡಿ ಕೇಂದ್ರದ ಕಡೆ ತಿರುಗಿದ.

ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹಳ್ಳದ ದಾರಿ ಹಿಡಿದಾಗ ಹುಲ್ಲಕ್ಕನಿಗೆ ಬೇಲಿಯಾಚೆ ಮೈದುನ ಕಂಡ. ಬಾಣಲೆಯ ಕೆಳಗೆ ಮಂಡಿಯೂರಿ ಹುಲ್ಲು ಬಾಚಿ ತಬ್ಬುತ್ತಿದ್ದ. ಹುರಿ ಬಿಗಿಯಲು ಬಗ್ಗಿದಾಗ ಬಿಲ್ಲೆಯೂ ಕಟ್ಟಿನೊಳಗೆ ಸೇರಿ ಬಿಗಿಯಿತು. ಎದ್ದಾಗ ಕತ್ತು ಜಗ್ಗಿ, ಕಟ್ಟು ಬಿಚ್ಚಿ, ಹುಲ್ಲೆಲ್ಲ ಮತ್ತೆ ನೆಲಕ್ಕೆ ಹರಡಿತು. ಕಟ್ಟುವ ಮೊದಲು ಹುಲ್ಲಿನ ತಲೆ ಒಂದೇ ಕಡೆಗಿರಬೇಕು ಕಣೋ ಎಂಬ ಮಾತು ಅವಳ ಬಾಯಿಗೆ ಬಂತು. ಬಂದದ್ದನ್ನು ನುಂಗಿ, ಅವಳು ನಡೆದಳು.