ಮುಕ್ಕಾಲು ಮಗ್ಗಿಯ ಹಾಡು

ಟಿಪ್ಪು ಸುಲ್ತಾನರ ಕಾಲದ ಮಾತು. ನಾಗಮಂಗಲದ ಕೂಲಿಮಠದಲ್ಲಿ ಮಗ್ಗಿಯನ್ನು ರಾಗವಾಗಿ ಹಾಡಿಸಿದ ಮೊದಲ ಅಯ್ಯ ಎಂದರೆ ಶಿವಲಿಂಗಯ್ಯ. ಅದಕ್ಕೂ ಮುಂಚೆ ಹುಡುಗರು ಮಗ್ಗಿ ಒದರುತ್ತಿದ್ದರು, ಅಯ್ಯಗಳು ಬೆತ್ತ ಬೀಸುತ್ತಿದ್ದರು, ಅಷ್ಟೇ ವಿದ್ಯೆ. ಇವರು ತಾಳ ಹಿಡಿದರು, ಬೆತ್ತ ಅಟ್ಟ ಸೇರಿತು. ಹತ್ತು ವರ್ಷದೊಳಗೆ ಹಿರೋಡೆ, ಅತ್ತಿಕುಪ್ಪೆ, ಸುಲ್ತಾನರ ಪಟ್ಟಣದ ಮಠಗಳಲ್ಲೂ ಅದೇ ಹಾಡು. ಯಾರಾದರೂ ಹೊಗಳಿದರೆ ಅಯ್ಯನವರು ಬೇಡ ಬೇಡ ಎನ್ನುತ್ತಲೇ ಇನ್ನೊಂದು ಸಲ ಹೇಳಿಸಿಕೊಳ್ಳುತ್ತಿದ್ದರು.

ಮುಕ್ಕಾಲು ಮಗ್ಗಿಯಲ್ಲಿ ಮಾತ್ರ ಒಂದು ತೊಡಕಿತ್ತು. ಮುಕ್ಕಾಲನ್ನು ಏಳು ಸಲ ಕೂಡಿದರೆ ಐದೂಕಾಲು, ಆದರೆ 'ಏಳು ಮುಕ್ಕಾಲು ಐದೂಕಾಲು' ಅಂದರೆ ತಾಳ ಮೀರುತ್ತಿತ್ತು. ಅಯ್ಯನವರು ಕೊನೆಯ ಕಾಲನ್ನು ಕೈಬಿಟ್ಟು ಬರೀ 'ಐದು' ಎಂದು ಹಾಡಿಸಿದರು. ಕಾಲು ಉಂಟು, ಮನಸ್ಸಿನಲ್ಲಿಟ್ಟುಕೊಳ್ಳಿ ಎಂದು ಮೊದಮೊದಲು ಹೇಳುತ್ತಿದ್ದರು. ಬರಬರುತ್ತ ಹಾಡು ಎಷ್ಟು ಸೊಗಸಾಗಿ ಕೂತಿತೆಂದರೆ ಆ ಮಾತು ಹೇಳುವುದೇ ಬಿಟ್ಟುಹೋಯಿತು.

ಆ ಮಠದಲ್ಲೇ ಕಲಿತವನು ಬಡಗಿ ಕಾಳಪ್ಪನ ಮಗ ಹೊನ್ನಪ್ಪ. ಪಟ್ಟಣದಲ್ಲಿ ಒಂದು ಮನೆಗೆ ಮಾಡು ಹಾಕಬೇಕಿತ್ತು, ಮರ ಕೊಯ್ದದ್ದು ದೂರದ ಹೊಣಕೆರೆಯಲ್ಲಿ, ಗೋಡೆಗೆ ಹಿಡಿದು ಅಳೆಯುವಂತಿರಲಿಲ್ಲ. ಗೋಡೆಯಿಂದ ಗೋಡೆಗೆ ಜಂತೆಗಳ ನಡುವೆ ಮುಕ್ಕಾಲು ಮೊಳದಂತೆ ಏಳು ಸಂದು. ಹೊನ್ನಪ್ಪ ಹಾಡು ಗುನುಗಿ ಲೆಕ್ಕ ಹಾಕಿ ಐದು ಮೊಳಕ್ಕೆ ತೊಲೆ ಕತ್ತರಿಸಿದ. ಎತ್ತಿ ಕೂರಿಸುವಾಗ ಅದು ಆಚೆ ಗೋಡೆಗೆ ನಿಲುಕದೆ ಜಾರಿ, ಕೆಳಗಿದ್ದ ಕಾಳಪ್ಪನ ಬಲಗೈ ಜಜ್ಜಿಹೋಯಿತು.

ಗಾಡಿಯಲ್ಲಿ ಮಲಗಿ ಊರಿಗೆ ಬಂದ ಕಾಳಪ್ಪ ನೆರೆದವರ ಎದುರೇ ಮಗನಿಗೆ ಅಂದ: "ಇನ್ಮ್ಯಾಕೆ ಉಳಿ ಮುಟ್ಬ್ಯಾಡ ಕಣ್ಲಾ. ನಿನ್ ತಲೇಲಿ ಲೆಕ್ಕ ನಿಲ್ಲಾಕಿಲ್ಲ."

ತಪ್ಪೆಲ್ಲಾಯಿತೆಂದು ತಿಳಿಯದೆ ಹೊನ್ನಪ್ಪ ಬೆರಳು ಮಡಿಸುತ್ತ ಮತ್ತೆ ಗುನುಗುತ್ತಿದ್ದ. ಪಕ್ಕದಲ್ಲೇ ನಿಂತಿದ್ದ ಅಯ್ಯನವರಿಗೆ ಏಳನೆಯ ಸಾಲು ಕೇಳಿಸಿ ತಪ್ಪು ಯಾರದೆಂದು ತಿಳಿದುಹೋಯಿತು. ಬಾಯಿಬಿಟ್ಟರೆ ನಾಲ್ಕೂರಲ್ಲಿ ಗಳಿಸಿದ ಹೆಸರು ಮಣ್ಣುಪಾಲು. ಸುಮ್ಮನೆ ಮನೆಗೆ ಹೋದರು. ಹಾಡು ತಿದ್ದಿದರೂ ಗುಟ್ಟು ಬಯಲಾಗುತ್ತದೆಂದು ಅದನ್ನೂ ತಿದ್ದಲಿಲ್ಲ. ಇದಕ್ಕೆ ಹೇಡಿತನ ಅನ್ನದೆ ಇನ್ನೇನನ್ನಬೇಕು? ಅಂದಿನಿಂದ ಹುಡುಗರು ಆ ಸಾಲಿಗೆ ಬಂದಾಗಲೆಲ್ಲ ಅವರು ಕೆಮ್ಮುತ್ತಿದ್ದರು.

ಆರು ವರ್ಷ ಕಳೆಯಿತು. ಕಾಳಪ್ಪ ತೀರಿಕೊಂಡಿದ್ದ. ಮರ ಹೊರುವ ಕೂಲಿಗೆ ಇಳಿದಿದ್ದ ಹೊನ್ನಪ್ಪ ಒಂದು ಬೆಳಿಗ್ಗೆ ಮಗನನ್ನು ಕರೆತಂದ.

"ಅಯ್ನೋರೆ, ನನ್ ದಡ್ತನ ಇವನಿಗೆ ಬರದಂಗೆ ಕಲ್ಸಿ. ನಿಮ್ ಹಾಡ ಆಗ್ಲೇ ಹೇಳ್ಕೊಟ್ಟಿವ್ನಿ. ಹಾಡ್ಲಾ ಮಗ."

ಮಗು ಹಾಡಿತು. ಏಳನೆಯ ಸಾಲಿಗೆ ಅಯ್ಯನವರು ತಡೆಯಲಾರದೆ ಕೈ ಅಡ್ಡ ಹಿಡಿದರು.

"ಅದು ಐದೂಕಾಲು, ಹೊನ್ನಪ್ಪ. ತಾಳಕ್ಕೋಸ್ಕರ ಕಾಲು ನುಂಗಿದೋನು ನಾನು. ತಪ್ಪು ನಿಂದಲ್ಲ ಕಣಪ್ಪ. ನಂಗೆ ಅವತ್ತೇ ಗೊತ್ತಿತ್ತು."

ಹೊನ್ನಪ್ಪ ಬಹಳ ಹೊತ್ತು ಬೆರಳು ಮಡಿಸಿದ. "ನಮ್ಮಪ್ಪ ಸಾಯೋಗಂಟ ನನ್ ಮೊಕ ನೋಡ್ಲಿಲ್ಲ, ಅಯ್ನೋರೆ" ಎಂದ. ದನಿ ಏರಲಿಲ್ಲ. ಮಗನ ಕೈ ಹಿಡಿದು ಎದ್ದ. "ಇವನ್ನ ಹಿರೋಡೆ ಮಠಕ್ಕೆ ಸೇರುಸ್ತೀನಿ."

"ಅಲ್ಲೂ ಇದೇ ಹಾಡು" ಎಂದರು ಅಯ್ಯನವರು.

ಹೊನ್ನಪ್ಪ ನಿಂತ. ಅಯ್ಯನವರು ಗೂಟದ ಮೇಲಿನ ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು ಜಗಲಿ ಇಳಿದರು. "ನಡಿ, ನಾನೂ ಬತ್ತೀನಿ. ಎಲ್ಲಾರ ಮುಂದೂ ಹೇಳ್ತೀನಿ."

ಹೊನ್ನಪ್ಪ ಮಗನನ್ನು ಹೆಗಲಿಗೇರಿಸಿಕೊಂಡು ಮುಂದೆ ನಡೆದ, ಒಮ್ಮೆಯೂ ಹಿಂದೆ ತಿರುಗಲಿಲ್ಲ.